ಅರ್ಥಧಾರಿಯ ಪಕ್ಷ ಯಾವುದು?

1978ರ ನವೆಂಬರ್ ತಿಂಗಳು. ಕಾರ್ಕಳದ ಮತದಾರರಿಗೆ ಒಂದು ಅಪೂರ್ವ ಅವಕಾಶ ಒದಗಿ ಬಂದಿತ್ತು. ಆ ದಿನಗಳಲ್ಲಿ ಕಾರ್ಕಳ ವಿಧಾನಸಭಾ ಕ್ಷೇತ್ರ ಸೇರಿದ್ದು ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಕ್ಕೆ. ಹಿಂದಿನ ವರ್ಷ ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿಯವರಿಗಾಗಿ ಡಿ. ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಕ್ಷೇತ್ರ ಅದು. ಘಟ್ಟದ ಮೇಲಿನವರೂ ಕೆಳಗಿನವರೂ ಸೇರಿ ಇಂದಿರಾ ಅವರನ್ನು ಗೆಲ್ಲಿಸಿದರು. ಜನತಾ ಪಕ್ಷದ ವೀರೇಂದ್ರ ಪಾಟೀಲರು 70 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಸೋತರು.

ಆದರೆ ಆ ಚುನಾವಣೆಯಲ್ಲಿ ಇಂದಿರಾ ಅವರ ಎದುರು ನಿಲ್ಲಿಸಲು ವಿರೋಧ ಪಕ್ಷದವರು ಕಣ್ಣಿಟ್ಟಿದ್ದ ಇನ್ನೊಂದು ಹೆಸರು ಡಾ. ರಾಜಕುಮಾರ್ ಅವರದು. ರಾಜಕುಮಾರ್ ಒಪ್ಪಲಿಲ್ಲ. ಮುಂದೆಯೂ ಅವರು ಯಾವ ಚುನಾವಣೆಗೂ ನಿಲ್ಲಲಿಲ್ಲ.

ಅದು ನಟರ ಕಾಲವಾಗಿತ್ತು ಎಂಬುದನ್ನು ನೆನಪಿಡಬೇಕು. 1977ರಲ್ಲಿ ಎಂ. ಜಿ. ರಾಮಚಂದ್ರನ್ ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದರು. 1983ರಲ್ಲಿ ಎನ್. ಟಿ. ರಾಮರಾವ್ ಆಂಧ್ರದ ಮುಖ್ಯಮಂತ್ರಿಯಾದರು. ಇವರಿಬ್ಬರ ನಡುವೆ, 1980ರಲ್ಲಿ, ಅಮೆರಿಕದವರು ಹಾಲಿವುಡ್‌ನ ಹಳೆಯ ನಟ ರೊನಾಲ್ಡ್ ರೇಗನ್ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಬೆಳ್ಳಿತೆರೆಯ ಮುಖಕ್ಕೆ ಬೀಳುವ ಚಪ್ಪಾಳೆ ಮತಪೆಟ್ಟಿಗೆಗೂ ಬೀಳುತ್ತದೆ ಎಂಬ ನಂಬಿಕೆ ಜಗತ್ತಿನ ಎರಡು ತುದಿಗಳಲ್ಲಿ ಒಟ್ಟೊಟ್ಟಿಗೇ ಬೇರೂರಿತು.

ನಮ್ಮ ಉಡುಪಿಯ ಕಡೆ ಆ ಗಾಳಿ ಬೀಸಿತೇ? ಬೀಸಲಿಲ್ಲ ಎಂದೇ ಹೇಳಬೇಕು. ಇಲ್ಲಿನ ಮತದಾರ ಪಕ್ಷ ಬದಲಿಸದವನೇನೂ ಅಲ್ಲ. 1967ರಲ್ಲಿ ಉಡುಪಿಯಿಂದ ಲೋಕಸಭೆಗೆ ಹೋದವರು ನಕ್ಷತ್ರದ ಗುರುತಿನ ಸ್ವತಂತ್ರ ಪಕ್ಷದ ಜೆ. ಎಂ. ಲೋಬೊ ಪ್ರಭು. ಮರುವರ್ಷವೇ ಉಡುಪಿ ಪುರಸಭೆಯಲ್ಲಿ ದೀಪದ ಗುರುತಿನ ಜನಸಂಘ ಅಧಿಕಾರ ಹಿಡಿದು, ಇನ್ನೂ ಮೂವತ್ತು ತುಂಬದ ಡಾ. ವಿ. ಎಸ್. ಆಚಾರ್ಯ ಅಧ್ಯಕ್ಷರಾದರು. 1971ರಲ್ಲಿ ಲೋಕಸಭಾ ಸ್ಥಾನ ಮತ್ತೆ ಕಾಂಗ್ರೆಸ್‌ಗೆ ಬಂತು. 1977ರಲ್ಲಿ ಮಣಿಪಾಲದ ಟಿ. ಎ. ಪೈ, 1980ರಿಂದ ಸತತ ಐದು ಸಲ ಆಸ್ಕರ್ ಫೆರ್ನಾಂಡಿಸ್. ವಕೀಲರು, ವೈದ್ಯರು, ಬ್ಯಾಂಕಿನವರು, ನಿವೃತ್ತ ಅಧಿಕಾರಿಗಳು ಗೆದ್ದ ಊರಿದು. ಬಣ್ಣ ಹಚ್ಚಿದವರು ಗೆದ್ದದ್ದು ಕಡಿಮೆ.

ಕಲೆಯ ಮೇಲೆ ಪ್ರೀತಿ ಇಲ್ಲದ್ದಕ್ಕೆ ಹೀಗಾಯಿತೆನ್ನುವಂತಿಲ್ಲ. ಕಾಪುವಿನಿಂದ ಕಾರ್ಕಳದವರೆಗೆ ಹರಕೆಯ ಆಟಕ್ಕೆ, ತಾಳಮದ್ದಳೆಗೆ ನಿದ್ದೆಗೆಟ್ಟು ಕುಳಿತುಕೊಳ್ಳುವ ಜನ ಇವರು. ಕಾರಣವನ್ನು ಆ ಕಲೆಯ ಒಳಗೇ ಹುಡುಕಬೇಕಾಗುತ್ತದೆ.

ತಾಳಮದ್ದಳೆಯನ್ನೇ ನೋಡಿ. ಅಲ್ಲಿ ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಎದುರುಬದುರು ಕುಳಿತ ಅರ್ಥಧಾರಿಗಳು ಆ ಪದ್ಯಕ್ಕೆ ಅಲ್ಲೇ ಮಾತು ಹೊಸೆಯುತ್ತಾರೆ. ಪದ್ಯ ಕವಿಯದು, ಅರ್ಥ ಪೂರ್ತಿ ಕಲಾವಿದನದು. ವಾಲಿಯಾಗಿ ಕುಳಿತವನು ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಪ್ರಶ್ನೆಗಳಿಂದ ಕಟ್ಟಿಹಾಕಬೇಕು. ಸಂಧಾನಕ್ಕೆ ಬಂದ ಕೃಷ್ಣನ ಎದುರು ಕೌರವನಾಗಿ ಕುಳಿತವನು ತನ್ನ ಹಠಕ್ಕೂ ನ್ಯಾಯವಿದೆ ಎಂದು ಸಭೆಯನ್ನು ಒಂದು ಗಳಿಗೆಯಾದರೂ ನಂಬಿಸಬೇಕು. ನಾಳೆಯ ರಾತ್ರಿ ಅದೇ ಮನುಷ್ಯ ಕೃಷ್ಣನಾಗಿ ಕುಳಿತು ನಿನ್ನೆಯ ತನ್ನ ವಾದವನ್ನೇ ಮುರಿಯಬೇಕು! ಶೇಣಿ ಗೋಪಾಲಕೃಷ್ಣ ಭಟ್ಟರ ರಾವಣನಿಗೆ ತಲೆದೂಗಿದವರಾರೂ ಮನೆಗೆ ಹೋಗಿ ರಾವಣನ ಪೂಜೆ ಮಾಡಲಿಲ್ಲ. ಅದೇ ಶೇಣಿಯವರು ಬಪ್ಪನಾಡು ಕ್ಷೇತ್ರ ಮಹಾತ್ಮೆಯಲ್ಲಿ ಮುಸ್ಲಿಂ ವ್ಯಾಪಾರಿ ಬಪ್ಪ ಬ್ಯಾರಿಯಾಗಿಯೂ ಮನೆಮಾತಾದರು. ಮಾತಿನ ರುಚಿ ಬೇರೆ, ಆಡಿದವನ ನಂಬಿಕೆ ಬೇರೆ ಎಂಬ ವಿವೇಕ ಇಲ್ಲಿನ ಪ್ರೇಕ್ಷಕನಿಗೆ ಚಿಕ್ಕಂದಿನಿಂದಲೇ ಬಂದದ್ದು. ಮಠಗಳ ಊರಾದ ಉಡುಪಿಯಲ್ಲಿ ಶಾಸ್ತ್ರ ಓದುವವರಿಗೂ ಇದು ಹೊಸತಲ್ಲ. ಮೊದಲು ಪೂರ್ವಪಕ್ಷ, ಅಂದರೆ ಎದುರಾಳಿಯ ವಾದ. ಆಮೇಲೆ ಸಿದ್ಧಾಂತ. ಪಕ್ಷ ಎಂಬ ಶಬ್ದಕ್ಕೆ ಚುನಾವಣೆಗಿಂತ ಬಹಳ ಮೊದಲೇ ಈ ಊರಿನಲ್ಲಿ ಅರ್ಥವಿತ್ತು.

ಹಾಗಾದರೆ ಅಂಥ ಅರ್ಥಧಾರಿಯೇ ರಾಜಕೀಯ ಪಕ್ಷವೊಂದರ ಅಭ್ಯರ್ಥಿಯಾದರೆ?

ಆದದ್ದುಂಟು. 1994ರ ವಿಧಾನಸಭಾ ಚುನಾವಣೆಯಲ್ಲಿ ಸುರತ್ಕಲ್ ಕ್ಷೇತ್ರದಿಂದ ಭಾರತೀಯ ಜನತಾ ಪಕ್ಷದ ಅಭ್ಯರ್ಥಿಯಾಗಿ ಗೆದ್ದವರು ಕುಂಬ್ಳೆ ಸುಂದರ ರಾವ್. ಅವರು ಹುಟ್ಟಿದ ಕುಂಬ್ಳೆ, ಯಕ್ಷಗಾನದ ಪಿತಾಮಹನೆಂದು ಹೆಸರಾದ ಪಾರ್ತಿಸುಬ್ಬನ ಊರು. 1956ರಲ್ಲಿ ಅದು ಕಾಸರಗೋಡಿನೊಂದಿಗೆ ಕೇರಳಕ್ಕೆ ಸೇರಿತು. ಸುರತ್ಕಲ್, ಧರ್ಮಸ್ಥಳ ಮೇಳಗಳಲ್ಲಿ ತಿರುಗಾಟ ಮಾಡಿದ ಸುಂದರ ರಾಯರ ಮಾತೆಂದರೆ ಪ್ರಾಸದ ಮಳೆ. ಗದ್ಯ ಆಡುತ್ತಿದ್ದಾರೋ ಪದ್ಯ ಕಟ್ಟುತ್ತಿದ್ದಾರೋ ಎಂದು ಅನುಮಾನ ಬರುವಷ್ಟು. ಅದೇ ಚುನಾವಣೆಯಲ್ಲಿ ಬೆಂಗಳೂರಿನ ಮಲ್ಲೇಶ್ವರದಿಂದ ನಟ ಅನಂತನಾಗ್ ಜನತಾದಳದಿಂದ ಗೆದ್ದು ಮುಂದೆ ಮಂತ್ರಿಯೂ ಆದರು. ಸಿನಿಮಾ ನಟ ಗೆದ್ದದ್ದು ಸುದ್ದಿಯೇನಲ್ಲ. ಯಕ್ಷಗಾನದ ವೇಷಧಾರಿ ಶಾಸನಸಭೆಗೆ ಹೋದದ್ದು ಮಾತ್ರ ಕರಾವಳಿಗೆ ಹೊಸ ಸುದ್ದಿಯಾಗಿತ್ತು.

ಅದರ ಹಿಂದೆ ಇನ್ನೊಂದು ಕಥೆಯೂ ಇದೆ. 1987-88ರಲ್ಲಿ ದೂರದರ್ಶನದ ರಾಮಾಯಣ ದೇಶವನ್ನೇ ಹಿಡಿದು ಕೂರಿಸಿತ್ತು. 1991ರ ಲೋಕಸಭಾ ಚುನಾವಣೆಯಲ್ಲಿ ಆ ಧಾರಾವಾಹಿಯ ಸೀತೆ ದೀಪಿಕಾ ಚಿಖಲಿಯಾ, ರಾವಣ ಅರವಿಂದ ತ್ರಿವೇದಿ ಇಬ್ಬರೂ ಗುಜರಾತಿನಿಂದ ಗೆದ್ದರು. ತಮಾಷೆಯೆಂದರೆ ಇಬ್ಬರೂ ಒಂದೇ ಪಕ್ಷ, ಭಾರತೀಯ ಜನತಾ ಪಕ್ಷ! ರಾಮನ ಪಾತ್ರದ ಅರುಣ್ ಗೋವಿಲ್ ಲೋಕಸಭೆಗೆ ಬರಲು 2024ರವರೆಗೆ ಕಾಯಬೇಕಾಯಿತು. ಪುರಾಣದ ಪಾತ್ರ ಪಕ್ಷಕ್ಕೆ ಮತ ತರುತ್ತದೆ ಎಂಬ ಲೆಕ್ಕಾಚಾರ 1994ರ ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು.

ಆದರೆ ಟಿವಿಯ ರಾವಣನಿಗೂ ತಾಳಮದ್ದಳೆಯ ರಾವಣನಿಗೂ ದೊಡ್ಡ ವ್ಯತ್ಯಾಸವಿದೆ. ಟಿವಿಯವನು ಯಾರೋ ಬರೆದುಕೊಟ್ಟದ್ದನ್ನು ಒಂದು ಸಲ ಹೇಳಿ ಮುಗಿಸಿದ. ಇವನು ಪ್ರತಿ ರಾತ್ರಿ ಸ್ವಂತ ಮಾತಿನಲ್ಲಿ ವಾದಿಸಬೇಕು. ಪಕ್ಷದ ಶಾಲು ಹೊದ್ದ ಮೇಲೆ ಅವನ ವಿದುರನೀತಿ, ಅವನ ರಾಜಧರ್ಮ, ಅವನ ಒಂದು ವ್ಯಂಗ್ಯ, ಎಲ್ಲವನ್ನೂ ಜನ ಅನುಮಾನದಿಂದ ಕೇಳುವ ಅಪಾಯವಿದೆ. ಇದು ಪಾತ್ರ ಆಡಿದ್ದೋ, ಶಾಸಕರು ಆಡಿದ್ದೋ? ಮತ ಕಳೆದುಕೊಂಡರೆ ಐದು ವರ್ಷಕ್ಕೆ ಮತ್ತೆ ಕೇಳಬಹುದು, ಈ ನಂಬಿಕೆ ಹೋದರೆ ಅರ್ಥಧಾರಿಗೆ ಉಳಿಯುವುದೇನು?

ಅಮೆರಿಕದ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. 1984ರಲ್ಲಿ ಮರು ಆಯ್ಕೆ ಬಯಸಿದ್ದ ರೇಗನ್ ನ್ಯೂಜೆರ್ಸಿಯ ಸಭೆಯಲ್ಲಿ ಆ ರಾಜ್ಯದವರೇ ಆದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ಹಾಡುಗಳಲ್ಲಿ ಭರವಸೆಯ ಸಂದೇಶವಿದೆಯೆಂದು ಹೊಗಳಿದರು. ಆ ವರ್ಷ ಅಲ್ಲಿ ಎಲ್ಲರ ಬಾಯಲ್ಲಿದ್ದ ಸ್ಪ್ರಿಂಗ್‌ಸ್ಟೀನ್ ಹಾಡು 'ಬಾರ್ನ್ ಇನ್ ದಿ ಯು.ಎಸ್.ಎ.' ಪಲ್ಲವಿಯಷ್ಟೇ ಕೇಳಿದರೆ ದೇಶದ ಸ್ತುತಿ. ಚರಣ ಕೇಳಿದರೆ ವಿಯೆಟ್ನಾಂನಿಂದ ಮರಳಿ, ಕೆಲಸ ಸಿಗದೆ ಅಲೆಯುವ ಸೈನಿಕನ ಅಳಲು. ತನ್ನ ಹಾಡನ್ನು ಪಕ್ಷದ ಬಾವುಟ ಮಾಡುವುದು ಗಾಯಕನಿಗೆ ಹಿಡಿಸಲಿಲ್ಲ. ಕೆಲವೇ ದಿನಗಳಲ್ಲಿ ಆತ ವೇದಿಕೆಯ ಮೇಲಿಂದಲೇ ತನ್ನ ಅಸಮ್ಮತಿ ಸೂಚಿಸಿದ.

ನಮ್ಮಲ್ಲಿ ಕಲೆ ಮತ್ತು ರಾಜಕೀಯದ ಸಂಬಂಧ ಹೆಚ್ಚಾಗಿ ತಲೆಕೆಳಗಾಗಿ ಸಾಗಿತು. ಇಲ್ಲಿ ಕಲಾವಿದರು ರಾಜಕಾರಣಿಗಳಾದದ್ದಕ್ಕಿಂತ ರಾಜಕಾರಣಿಗಳು ಕಲಾವಿದರಾದದ್ದೇ ಜಾಸ್ತಿ. ಆಸ್ಕರ್ ಫೆರ್ನಾಂಡಿಸ್ ಮೌತ್ ಆರ್ಗನ್ ನುಡಿಸುತ್ತಿದ್ದರು, ಕೂಚಿಪುಡಿ, ಯಕ್ಷಗಾನಗಳಲ್ಲೂ ಆಸಕ್ತರು. ಕಾರ್ಕಳದಿಂದ 1972ರಿಂದ ಆರು ಸಲ ಗೆದ್ದು ಮುಖ್ಯಮಂತ್ರಿಯೂ ಆದ ವೀರಪ್ಪ ಮೊಯ್ಲಿ ಭೂತಾರಾಧನೆಯ ಹಿನ್ನೆಲೆಯ 'ತೆಂಬರೆ' ಕಾದಂಬರಿ ಬರೆದರು, ರಾಮಾಯಣದ ಮಹಾಕಾವ್ಯ ಬರೆದರು. ಬಾಹುಬಲಿಯ ಕುರಿತ ಅವರ ಕಾವ್ಯಕ್ಕೆ 2020ನೇ ಸಾಲಿನ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1432ರಲ್ಲಿ ನಿಲ್ಲಿಸಿದ ಬಾಹುಬಲಿ ಕಾರ್ಕಳದ ಗುಡ್ಡದ ಮೇಲೆಯೇ ಇದ್ದಾನಲ್ಲ! ಆದರೆ ಆ ಪುಸ್ತಕಗಳನ್ನು ಓದಿ ಯಾರಾದರೂ ಮತ ಹಾಕಿದರೆಂದು ಹೇಳಲಾಗದು.

ಸುಂದರ ರಾಯರ ಶಾಸಕತ್ವ ಒಂದೇ ಅವಧಿಗೆ, 1999ಕ್ಕೆ ಮುಗಿಯಿತು. ವಿಧಾನಸಭೆಯಲ್ಲಿ ಪಕ್ಷದ ವಿಪ್ ಇರುತ್ತದೆ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲಂತೂ ವಿಪ್ ಮೀರಿ ಎದುರು ಪಕ್ಷಕ್ಕೆ ಮತ ಹಾಕಿದರೆ ಸ್ಥಾನಕ್ಕೇ ಸಂಚಕಾರ. ತಾಳಮದ್ದಳೆಗೆ ಅಂಥ ಕಾಯ್ದೆ ಯಾವುದೂ ಇಲ್ಲ. ರಾಯರು ಮತ್ತೆ ಅಲ್ಲಿಗೇ ಮರಳಿದರು. 2022ರ ನವೆಂಬರ್ 30ರಂದು, 88ರ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಮಾಜಿ ಶಾಸಕರೆಂಬ ವಿಶೇಷಣ ಪತ್ರಿಕೆಗಳಲ್ಲಿ ಬಂತು, ನಿಜ. ಜನರ ಬಾಯಲ್ಲಿ ಅವರು ಕೊನೆಯವರೆಗೂ ಅರ್ಥಧಾರಿ ಕುಂಬ್ಳೆಯವರೇ.