ಇಂಚು, ಮಿಲಿಮೀಟರ್ ಮತ್ತು ಸಕಲೇಶಪುರದ ಬೋಲ್ಟುಗಳು

ಹಳೆಯ ಬುಲೆಟ್ಟಿನದೋ ಜಾವಾದ್ದೋ ಎಂಜಿನ್ ಕವರಿನ ಬೋಲ್ಟು ಬಿಗಿಯಾಗದೆ ಸುಮ್ಮನೆ ತಿರುಗತೊಡಗಿದರೆ, ಸಕಲೇಶಪುರ-ಆಲೂರಿನ ಕಡೆ ತಪ್ಪು ಮಳೆಯ ತಲೆಗೆ ಬರುತ್ತದೆ, ಇಲ್ಲವೇ ಮೆಕ್ಯಾನಿಕ್‌ನ ಕೈಬಲದ ತಲೆಗೆ. ಎರಡರಲ್ಲೂ ನಿಜವಿದೆ. ಆದರೆ ಅವೆರಡಕ್ಕಿಂತ ದೊಡ್ಡ ಕಾರಣ ಈ ಸೀಮೆಯ ಚರಿತ್ರೆಯಲ್ಲಿದೆ ಎಂಬುದು ನನ್ನ ವಾದ. ಇಲ್ಲಿಗೆ ಬೇರೆ ಬೇರೆ ಕಾಲದಲ್ಲಿ ಮೂರು ಅಳತೆಗಳು ಬಂದವು. ಹೊಸದು ಬಂದಾಗ ಹಳೆಯದು ಜಾಗ ಬಿಡಲಿಲ್ಲ.

ಮೊದಲು ಬಂದದ್ದು ಇಂಗ್ಲಿಷ್ ಇಂಚು. ಆಗ ಮಂಜರಾಬಾದ್ ಎನಿಸಿಕೊಂಡಿದ್ದ ಸಕಲೇಶಪುರ ತಾಲ್ಲೂಕಿನಲ್ಲಿ 19ನೇ ಶತಮಾನದ ನಡುವಿನಿಂದ ಬ್ರಿಟಿಷರು ಕಾಫಿ ತೋಟ ಮಾಡಿದರು; ಅವರಲ್ಲೊಬ್ಬರಾದ ರಾಬರ್ಟ್ ಎಲಿಯಟ್ 1894ರಲ್ಲಿ ಮೈಸೂರು ಸೀಮೆಯ ಕಾಫಿ ಕೃಷಿಯ ಬಗ್ಗೆ ಪುಸ್ತಕವನ್ನೇ ಬರೆದರು. ಇಂಗ್ಲೆಂಡಿನ ಯಂತ್ರಗಳೆಂದರೆ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಥ್ರೆಡ್: 55 ಡಿಗ್ರಿ ಕೋನ, ಇಂಚಿಗೆ ಇಷ್ಟು ಸುತ್ತು ಎಂಬ ಲೆಕ್ಕ. 1947ರಿಂದ ಮಹೀಂದ್ರ ಜೋಡಿಸತೊಡಗಿದ ವಿಲ್ಲಿಸ್ ಜೀಪು ತೋಟದ ದಾರಿಗಳಿಗೆ ಹೇಳಿ ಮಾಡಿಸಿದ ಗಾಡಿ. ಅದರದ್ದೂ ಇಂಚೇ, ಆದರೆ ಅಮೆರಿಕದ 60 ಡಿಗ್ರಿಯ ಥ್ರೆಡ್. ಮದ್ರಾಸಿನಲ್ಲಿ 1955ರಲ್ಲಿ ಹುಟ್ಟಿದ ಎನ್‌ಫೀಲ್ಡ್ ಇಂಡಿಯಾದ ಬುಲೆಟ್ ಮತ್ತೆ ಇಂಗ್ಲಿಷ್ ಅಳತೆಯನ್ನೇ ತಂದಿತು. ಮರುವರ್ಷ, 1956ರಲ್ಲಿ, ಸಂಸತ್ತು ಮೆಟ್ರಿಕ್ ಕಾಯ್ದೆ ಮಾಡಿತು. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಜೆಕ್ ವಿನ್ಯಾಸದ, ಮಿಲಿಮೀಟರ್ ಲೆಕ್ಕದ ಬೈಕು ಹೊರಬಿಟ್ಟಿತು. ಕಾಯ್ದೆ ತಕ್ಕಡಿಯನ್ನೂ ಗಜಕಡ್ಡಿಯನ್ನೂ ಬದಲಾಯಿಸಿತು. ಎಂಜಿನ್ನಿನಲ್ಲಿ ಆಗಲೇ ಕೊರೆದಿದ್ದ ತೂತುಗಳನ್ನು ಬದಲಾಯಿಸಲು ಅದಕ್ಕೆ ಸಾಧ್ಯವಿರಲಿಲ್ಲ.

ಇಂಚಿನ ತೂತಿಗೆ ಮಿಲಿಮೀಟರ್ ಬೋಲ್ಟು ಹಾಕಿದರೆ ಆಗುವ ಹಾನಿಯನ್ನು ಒಂದು ಬೋಲ್ಟು ಹಿಡಿದೇ ನೋಡಬಹುದು. ಐದು-ಹದಿನಾರಾಂಶ ಇಂಚು ಎಂದರೆ 7.94 ಮಿ.ಮೀ. ಎಂಟು ಮಿ.ಮೀ. ಬೋಲ್ಟನ್ನು ಪಕ್ಕದಲ್ಲಿಟ್ಟರೆ ಕಣ್ಣಿಗೆ ವ್ಯತ್ಯಾಸವೇ ಕಾಣದು. ಆದರೆ ಎಂಟರ ಮಾಮೂಲಿ ಬೋಲ್ಟಿನ ಪಿಚ್, ಅಂದರೆ ಒಂದು ಏಣಿನಿಂದ ಪಕ್ಕದ ಏಣಿಗಿರುವ ದೂರ, 1.25 ಮಿ.ಮೀ. ಇಂಗ್ಲಿಷ್ ಫೈನ್ ಥ್ರೆಡ್ಡಿನಲ್ಲಿ ಅದೇ ಗಾತ್ರಕ್ಕೆ ಇಂಚಿಗೆ 22 ಸುತ್ತು, ಅಂದರೆ ಸುಮಾರು 1.15 ಮಿ.ಮೀ. ಮೊದಲ ಸುತ್ತು ಸಲೀಸಾಗಿ ಹೋಗುತ್ತದೆ. ಐದನೆಯ ಸುತ್ತಿಗೆ ತಪ್ಪು ಸುಮಾರು ಅರ್ಧ ಮಿ.ಮೀ. ಆಗಿರುತ್ತದೆ. ಆಗ ಬಿಗಿಯಾಯಿತೆಂದು ಸ್ಪ್ಯಾನರ್ ಒತ್ತಿದರೆ ಉಕ್ಕಿನ ಬೋಲ್ಟು ಅಲ್ಯೂಮಿನಿಯಂ ಕೇಸಿಂಗನ್ನು ಅರೆದುಹಾಕುತ್ತದೆ. ಕಾಲು ಇಂಚಿನ, ಇಂಚಿಗೆ 26 ಸುತ್ತಿನ ತೂತಿನದು ಇನ್ನೂ ಮೋಸದ ಕಥೆ: ಅದರ ಪಿಚ್ 0.98 ಮಿ.ಮೀ., ಆರರ ಬೋಲ್ಟಿನದು 1. ಪಿಚ್ ಹೆಚ್ಚುಕಡಿಮೆ ಕೂಡುತ್ತದೆ, ದಪ್ಪ ಮಾತ್ರ 0.35 ಮಿ.ಮೀ. ಕಮ್ಮಿ. ಏಣಿನ ತುದಿಯಷ್ಟೇ ಹಿಡಿದಿದ್ದು, ಬಿಗಿ ಮಾಡಿದಾಗ ಕಿತ್ತುಬರುತ್ತದೆ.

ಮಳೆಗಾಲದ ತೇವದಲ್ಲಿ ಉಕ್ಕೂ ಅಲ್ಯೂಮಿನಿಯಮ್ಮೂ ಕಚ್ಚಿಕೊಳ್ಳುವುದು ಸುಳ್ಳೇ ಎಂದು ಯಾರಾದರೂ ಕೇಳಬಹುದು. ಸುಳ್ಳಲ್ಲ. ಆದರೆ ಗಾಯದ ಗುರುತು ಬೇರೆ. ಕಚ್ಚಿಕೊಂಡ ಅಥವಾ ಅತಿಯಾಗಿ ಬಿಗಿದ ಬೋಲ್ಟು ಸಾಮಾನ್ಯವಾಗಿ ಥ್ರೆಡ್ಡನ್ನು ಉದ್ದಕ್ಕೂ ಎಳೆಯಾಗಿ ಸುತ್ತಿಕೊಂಡು ಬರುತ್ತದೆ. ತಪ್ಪು ಪಿಚ್ಚಿನದು ಬಾಯಿಯ ನಾಲ್ಕಾರು ಸುತ್ತನ್ನು ಪುಡಿ ಮಾಡಿ, ಒಳಗಿನದನ್ನು ಹಾಗೇ ಉಳಿಸಿರುತ್ತದೆ. ಟಾರ್ಚ್ ಹಿಡಿದರೆ ಯಾರಿಗಾದರೂ ಕಾಣುತ್ತದೆ. ಈಗಿನ ಬೈಕುಗಳೆಲ್ಲ ಮೆಟ್ರಿಕ್, ಹಳೆಯ ಕಥೆ ಯಾಕೆ ಎಂಬ ಆಕ್ಷೇಪವೂ ನಿಲ್ಲದು. ಹಾರ್ಡ್‌ವೇರ್ ಅಂಗಡಿಯ ಹತ್ತರ ಬೋಲ್ಟಿಗೆ ಸಾಮಾನ್ಯವಾಗಿ 1.5 ಪಿಚ್, ಜಪಾನಿ ವಿನ್ಯಾಸದ ಬೈಕುಗಳಲ್ಲಿ ಹೆಚ್ಚಾಗಿ 1.25. ಅಳತೆ ಒಂದಾದರೂ ಪಿಚ್ ಒಂದಾಗಿಲ್ಲ. ಒಂದಾಗಿರುವುದು ಸ್ಪಾರ್ಕ್ ಪ್ಲಗ್ಗಿನಲ್ಲಿ: ಬುಲೆಟ್ಟಿಗೂ ಜಾವಾಕ್ಕೂ 14 ಮಿ.ಮೀ., 1.25 ಪಿಚ್. ಲೋಕವೆಲ್ಲ ಒಪ್ಪಿಕೊಂಡ ಅಳತೆಯಿದ್ದಲ್ಲಿ ಈ ಗೊಂದಲವೇ ಇಲ್ಲ.

ಹಾಗಾಗಿ ಥ್ರೆಡ್ ಹೋದ ತೂತಿಗೆ ಕೈಗೆ ಸಿಕ್ಕ ಟ್ಯಾಪ್ ಹೊಡೆಸಬೇಡಿ. ಒಳಗೆ ಉಳಿದ ಸುತ್ತನ್ನೂ ಮೂಲ ಬೋಲ್ಟನ್ನೂ ಪಿಚ್ ಗೇಜಿನಿಂದ ನೋಡಿಸಿ, ಅದೇ ಪಿಚ್ಚಿನ ಹೆಲಿಕಾಯಿಲ್, ಅಂದರೆ ತೂತಿಗೆ ಹೊಸ ಥ್ರೆಡ್ ಕೊಡುವ ತಂತಿಯ ಸುರುಳಿ, ಹಾಕಿಸಿ. ಇಂಚಿನ ತೂತನ್ನು ಮಿಲಿಮೀಟರಿಗೆ ತಿರುಗಿಸಲೇಬೇಕಾದರೆ ಪೂರ್ತಿ ಆಳಕ್ಕೆ ಹೊಸದಾಗಿ ಕೊರೆಸಿ, ಆ ಕವರಿನ ಉಳಿದ ತೂತುಗಳನ್ನೂ ಹಾಗೆಯೇ ಮಾಡಿಸಿ. ಮುಂದಿನ ಸಲ ಬಿಚ್ಚುವವನಿಗೆ ಒಂದೇ ಅಳತೆ ಸಿಗಲಿ.