ವಿಳಿಂಜದ ನೆರೆಯ ಹಾಡು ಮತ್ತು ಹಳೆಯ ಕ್ರಿಯಾಪದಗಳು

ತಿರುವನಂತಪುರದ ದಕ್ಷಿಣಕ್ಕಿರುವ ವಿಳಿಂಜಂ ಇಂದು ಬಂದರಿನಿಂದ ಹೆಸರಾಗಿದ್ದರೂ, 8-9ನೆಯ ಶತಮಾನಗಳ ಶಾಸನಗಳಲ್ಲಿ ಅದು ಆಯ್ ಅರಸರ ಪಟ್ಟಣವಾಗಿಯೂ ಪಾಂಡ್ಯರು ದಂಡೆತ್ತಿ ಬಂದ ಕೋಟೆಯಾಗಿಯೂ ಕಾಣಿಸಿಕೊಳ್ಳುತ್ತದೆ. ಪಾಂಡ್ಯರ ತರುವಾಯ ಚೋಳರೂ ಈ ಸೀಮೆಗೆ ಬಂದರು. ತಮಿಳೂ ಮಲಯಾಳವೂ ಬಹುಕಾಲ ಬೆರೆತಿದ್ದ ಈ ಕರಾವಳಿಯಲ್ಲಿ, ವಿಳಿಂಜಕ್ಕೆ ಸಮೀಪವಾದ ಕೋವಳದ ಬಳಿಯ ಔವಾಡುತುರದಲ್ಲಿ, ಅಯ್ಯಿಪ್ಪಿಳ್ಳ ಆಶಾನನೆಂಬ ಕವಿಯು ‘ರಾಮಕಥಾಪ್ಪಾಟ್ಟು’ ಎಂಬ ದೀರ್ಘಕಾವ್ಯವನ್ನು ರಚಿಸಿದನು. ಅವನ ಕಾಲ ಸುಮಾರು 15ನೆಯ ಶತಮಾನವೆಂಬುದು ಸಾಮಾನ್ಯವಾದ ಅಭಿಪ್ರಾಯ. ಚಂದ್ರವಳಯವೆಂಬ ವಾದ್ಯದೊಡನೆ ಹಾಡಲ್ಪಡುತ್ತಿದ್ದ ಈ ಕೃತಿಯನ್ನು ಓದುವವರಿಗೆ ಮೊದಲು ಎದುರಾಗುವ ಪ್ರಶ್ನೆ: ಇದರ ಭಾಷೆ ತಮಿಳೆ, ಮಲಯಾಳವೆ?

ಇದಕ್ಕೆ ಉತ್ತರವನ್ನು ಅರಸುವವರು ಕ್ರಿಯಾಪದವನ್ನು ಪರೀಕ್ಷಿಸಬೇಕಾಗುತ್ತದೆ. ಕನ್ನಡದಲ್ಲಿ ಬಂದೆನು, ಬಂದೆ, ಬಂದನು ಎಂದು ಕ್ರಿಯಾಪದವೇ ಕರ್ತೃವನ್ನು ತಿಳಿಸುತ್ತದೆ. ಇಂದಿನ ಮಲಯಾಳದಲ್ಲಾದರೋ ನಾನು, ನೀನು, ಅವನು ಎಂಬ ಮೂವರಿಗೂ ‘ವನ್ನು’ ಎಂಬ ಒಂದೇ ರೂಪ. ಏ. ಆರ್. ರಾಜರಾಜವರ್ಮರು 1896ರಲ್ಲಿ ಪ್ರಕಟಿಸಿದ ‘ಕೇರಳಪಾಣಿನೀಯ’ದಲ್ಲಿ, ಮಲಯಾಳವು ತಮಿಳಿನಿಂದ ಬೇರ್ಪಟ್ಟ ಆರು ಬಗೆಗಳಲ್ಲಿ ಈ ‘ಪುರುಷಭೇದನಿರಾಸ’ವನ್ನೂ ಎಣಿಸಿದರು. ಹಾಗಾದರೆ ‘ವನ್ನಾನ್’, ‘ವನ್ನಾಳ್’, ‘ವನ್ನಾರ್’ ಎಂಬ ರೂಪಗಳು ಕಂಡೊಡನೆ ಅದನ್ನು ತಮಿಳೆನ್ನಬಹುದೆ? ಆಗದು. ಮಲಯಾಳಕ್ಕೆ ಆಚಾರ್ಯನೆನಿಸಿದ, 16ನೆಯ ಶತಮಾನದ ಎಳುತ್ತಚ್ಛನ ಕಾವ್ಯಗಳಲ್ಲಿಯೂ ಇಂತಹ ರೂಪಗಳುಂಟು. ಆಡುಮಾತು ಕೈಬಿಟ್ಟ ಪ್ರತ್ಯಯವನ್ನು ಹಾಡು ಕೈಬಿಟ್ಟಿರಲಿಲ್ಲ.

ಇಂಗ್ಲಿಷಿನಲ್ಲಿಯೂ ಇದೇ ಬಗೆಯ ನಿದರ್ಶನ ದೊರೆಯುತ್ತದೆ. ಪ್ರಥಮಪುರುಷ ಏಕವಚನದ ‘ಎತ್’ ಪ್ರತ್ಯಯವು 1600ರ ಹೊತ್ತಿಗೆ ಲಂಡನ್ನಿನ ಮಾತಿನಲ್ಲಿ ಸವೆಯುತ್ತ, ಉತ್ತರದಿಂದ ಬಂದ ‘ಎಸ್’ ಪ್ರತ್ಯಯಕ್ಕೆ ಎಡೆಗೊಡುತ್ತಿದ್ದಿತು. ಷೇಕ್ಸ್‌ಪಿಯರನು ಎರಡನ್ನೂ ಬಳಸಿದನು. 1611ರ ಬೈಬಲ್ ಭಾಷಾಂತರವು ಹಳೆಯದನ್ನೇ ಉಳಿಸಿಕೊಂಡಿತು. ಮುಂದೆ ಆ ರೂಪಕ್ಕೆ ಪೂಜ್ಯತೆಯ ಧ್ವನಿ ಬಂದುದರಿಂದ 19ನೆಯ ಶತಮಾನದ ಕವಿಗಳೂ ಅದನ್ನು ಬೇಕೆಂದೇ ಎತ್ತಿಕೊಂಡರು.

ಕನ್ನಡದ ದಾರಿ ಬೇರೆ. ಸುಮಾರು 450ರ ಹಲ್ಮಿಡಿ ಶಾಸನದ ‘ಕೊಟ್ಟಾರ್’ ಎಂಬುದರಲ್ಲಿ ‘ವನ್ನಾರ್’ ಎಂಬುದರ ಪ್ರತ್ಯಯವೇ ಇದೆ. ಇಂದಿನ ‘ಕೊಟ್ಟರು’ ಅದರ ವಂಶದ್ದೇ. 13ನೆಯ ಶತಮಾನದ ಕೇಶಿರಾಜನು ಹೇಳಿದ ‘ದಪ’ ಪ್ರತ್ಯಯ ಅಳಿದು, ‘ಬಂದಪಂ’ ಇದ್ದೆಡೆಗೆ ‘ಬರುತ್ತಾನೆ’ ಬಂದರೂ, ಕರ್ತೃವನ್ನು ತಿಳಿಸುವ ಗುರುತು ಮಾತ್ರ ಅಳಿಯಲಿಲ್ಲ. ಆದುದರಿಂದಲೇ ಕನ್ನಡಿಗನಿಗೆ ‘ವನ್ನಾನ್’ ಎಂಬುದು ಅಪರಿಚಿತವೆನಿಸದು. ಅದು ‘ಬಂದಾನ್’ ಎಂಬಂತೆಯೇ ಕಿವಿಗೆ ಬೀಳುತ್ತದೆ.

ಇದರಿಂದ ಚರಿತ್ರಕಾರನು ಕಲಿಯಬೇಕಾದ ಎಚ್ಚರಿಕೆಯೊಂದುಂಟು. ಶಾಸನದಲ್ಲಿ ದಾನದ ವಿವರವನ್ನು ಹೇಳುವ ಗದ್ಯವು ತನ್ನ ಕಾಲದ ವ್ಯವಹಾರಕ್ಕೆ ಹತ್ತಿರವಾದುದು. ಪದ್ಯವು ಪರಂಪರೆಗೆ ಹತ್ತಿರವಾದುದು. ಕಾವ್ಯದಲ್ಲಿ ಕಂಡ ಹಳೆಯ ಕ್ರಿಯಾರೂಪವೊಂದನ್ನೇ ಆಧಾರವಾಗಿಟ್ಟುಕೊಂಡು ಕೃತಿಯ ಕಾಲವನ್ನು ಹಿಂದಕ್ಕೊಯ್ದರೆ, ಅಥವಾ ಅದನ್ನು ನೆರೆಯ ಭಾಷೆಗೆ ಒಪ್ಪಿಸಿಬಿಟ್ಟರೆ, ಒಂದು ನಾಡಿನ ಕವಿ ತನ್ನ ನಾಡಿನ ಸಾಹಿತ್ಯ ಚರಿತ್ರೆಯಿಂದಲೇ ಹೊರಗುಳಿಯುತ್ತಾನೆ. ಎರಡು ನುಡಿಗಳ ಗಡಿಯಲ್ಲಿ ಹಾಡಿದ ಅಯ್ಯಿಪ್ಪಿಳ್ಳ ಆಶಾನನಿಗೆ ಆ ಅನ್ಯಾಯವಾಗಬಾರದು. ಕಾಸರಗೋಡಿನಂತಹ ಗಡಿನಾಡುಗಳ ಹಳೆಯ ಹಾಡುಗಳನ್ನು ಸಂಪಾದಿಸುವವರೂ ಈ ಮಾತನ್ನು ನೆನಪಿನಲ್ಲಿಡುವುದು ಉಚಿತ.