ಜೋಳಿಗೆಯಿಂದ ತಾಲ್ಲೂಕು ಆಸ್ಪತ್ರೆಯವರೆಗೆ: ಹದಿಹರೆಯದ ವ್ಯಸನಕ್ಕೆ ಚಿಕಿತ್ಸೆ ಬಂದ ದಾರಿ

ಇವತ್ತಿನ ಕಂತು ಸ್ವಲ್ಪ ಭಾರದ್ದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಹೈಸ್ಕೂಲು, ಪಿಯುಸಿ ಓದೋ ಮಕ್ಕಳಿರುವ ಮನೆಯವರು ದಯವಿಟ್ಟು ಕೊನೆವರೆಗೂ ಕೇಳಿ. ವಿಷಯ ಹದಿಹರೆಯದವರ ಮಾದಕ ವ್ಯಸನ. ಇತಿಹಾಸದಿಂದ ಶುರು ಮಾಡ್ತೀನಿ. ಯಾಕಂದ್ರೆ ನಮ್ಮಲ್ಲಿ ಚಟ ಬಿಡಿಸುವ ವ್ಯವಸ್ಥೆ ಕಟ್ಟಿದ್ದೇ ದೊಡ್ಡವರಿಗಾಗಿ. ಮಕ್ಕಳು ಅದರ ಲೆಕ್ಕಕ್ಕೆ ಬಂದದ್ದು ತೀರಾ ತಡವಾಗಿ.

1975ರಲ್ಲಿ ಇಳಕಲ್ಲಿನ ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಊರೂರು ಹೊರಟರು. ಬೇಡಿದ್ದು ಕಾಳು ಕಡಿ ಅಲ್ಲ, ಜನರ ದುಶ್ಚಟ. ಕುಡಿತ, ಬೀಡಿ, ತಂಬಾಕು ಬಿಡ್ತೀನಿ ಅಂತ ಮಾತು ಕೊಟ್ಟು ಅದನ್ನು ಜೋಳಿಗೆಗೆ ಹಾಕಬೇಕು. ಅವರ ಜನ್ಮದಿನ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. 1990ರ ದಶಕದಿಂದ ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರಗಳೂ ಬಂದವು. ಎಷ್ಟೋ ಸಂಸಾರ ಉಳಿದದ್ದು ಇವುಗಳಿಂದಲೇ. ಆದರೆ ಎರಡೂ ಕಡೆ ಎದುರಿಗೆ ನಿಂತವನು ಮನೆ ಯಜಮಾನ. ಅವನ ಚಟ ಊರಿಗೆಲ್ಲ ಗೊತ್ತು. ಹದಿನೈದರ ಹುಡುಗನದು ಹಾಗಲ್ಲ ನೋಡಿ. ಅವನು ಬಚ್ಚಿಡ್ತಾನೆ. ಬಚ್ಚಿಟ್ಟದ್ದನ್ನು ಜೋಳಿಗೆಗೆ ಹಾಕೋದು ಹೇಗೆ?

ಇನ್ನು ಕಾನೂನು. ಮಾದಕವಸ್ತು ಕಾಯ್ದೆ ಜಾರಿಗೆ ಬಂದದ್ದು 1985ರ ನವೆಂಬರ್ 14ರಂದು, ಹೌದು, ಮಕ್ಕಳ ದಿನಾಚರಣೆಯ ದಿನ. ಅಲ್ಲಿಂದ ಗಾಂಜಾ ಅಂದ್ರೆ ಪೊಲೀಸ್ ಅನ್ನೋ ಭಯ ಮನೆಮನೆಗೂ ಬಂತು. ಅದೇ ಕಾಯ್ದೆಯ 64ಎ ಕಲಂ ಮಾತ್ರ ಯಾರಿಗೂ ಗೊತ್ತಿಲ್ಲ. ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ವ್ಯಸನಿ ತಾನಾಗೇ ಮಾನ್ಯತೆ ಇರುವ ಕಡೆ ಚಿಕಿತ್ಸೆ ಕೇಳಿದರೆ, ಚಿಕಿತ್ಸೆ ಪೂರ್ತಿ ಮಾಡಿದರೆ, ಮೊಕದ್ದಮೆಯಿಂದ ರಕ್ಷಣೆ ಇದೆ. ಕೇಸ್ ಆಗುತ್ತೆ ಅಂತ ಹೆದರಿ ಮಗನನ್ನು ಮನೆಯೊಳಗೇ ಕೂಡಿಹಾಕೋರು ಇದನ್ನು ತಿಳಿದಿರಬೇಕು.

ಆಸ್ಪತ್ರೆಯ ದಾರಿ ತೆರೆದದ್ದು ಪಕ್ಕದ ಬಳ್ಳಾರಿಯಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ಮಾನಸಿಕ ಚಿಕಿತ್ಸೆಯ ತರಬೇತಿ ಕೊಟ್ಟರು. ಅದೇ ಮಾದರಿ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯ್ತು. ಮರುವರ್ಷವೇ ದಾವಣಗೆರೆ ಬೇರೆ ಜಿಲ್ಲೆಯಾಯ್ತು. 1965ರಿಂದ ಇದ್ದ ಜೆಜೆಎಂ ಮೆಡಿಕಲ್ ಕಾಲೇಜೂ ಚಿತ್ರದುರ್ಗದ ಲೆಕ್ಕದಿಂದ ಆಚೆ ಹೋಯ್ತು.

ಮಕ್ಕಳ ಸಂಖ್ಯೆ ಕಣ್ಣಿಗೆ ಬಿದ್ದದ್ದು 2019ರ ರಾಷ್ಟ್ರೀಯ ಸಮೀಕ್ಷೆಯಲ್ಲಿ. ಎಲ್ಲ ಮಾದಕಗಳಲ್ಲಿ ಒಂದೇ ಒಂದು ಮಾತ್ರ ದೊಡ್ಡವರಿಗಿಂತ ಮಕ್ಕಳಲ್ಲಿ ಹೆಚ್ಚು: ಮೂಸುವ ವಸ್ತುಗಳು. 10ರಿಂದ 17 ವಯಸ್ಸಿನವರಲ್ಲಿ ಶೇ 1.17, ದೊಡ್ಡವರಲ್ಲಿ ಶೇ 0.58. ಪಂಕ್ಚರ್ ಸಲ್ಯೂಷನ್, ವೈಟ್ನರ್, ಥಿನ್ನರ್. ಹಿರಿಯೂರು, ಚಿತ್ರದುರ್ಗದಂಥ ಹೆದ್ದಾರಿ ಊರುಗಳಲ್ಲಿ ಪಂಕ್ಚರ್ ಅಂಗಡಿಗೆ ಬರವೇ? ಅಗ್ಗದ ಮಾಲು ಅಂತ ಹಗುರವಾಗಿ ತಗೋಬೇಡಿ, ಮೊದಲ ಸಲ ಮೂಸಿದಾಗಲೇ ಹೃದಯ ನಿಂತುಹೋಗಬಹುದು.

ಗುರುತಿಸೋದು ಹೇಗೆ? ಮೂಗು, ಬಾಯಿ ಸುತ್ತ ಗುಳ್ಳೆ. ಬಟ್ಟೆಗೆ, ಉಸಿರಿಗೆ ರಾಸಾಯನಿಕ ವಾಸನೆ. ಬ್ಯಾಗಿನಲ್ಲಿ ಪ್ಲಾಸ್ಟಿಕ್ ಕವರ್, ಒದ್ದೆ ಕರ್ಚೀಫು. ಗಾಂಜಾ ಆದ್ರೆ ಕೆಂಪು ಕಣ್ಣು, ವಿಪರೀತ ಹಸಿವು. ಇದರ ಜೊತೆ ನಿದ್ದೆ ತಲೆಕೆಳಗಾಗೋದು, ದುಡ್ಡು ಕಾಣೆಯಾಗೋದು, ಹಳೇ ಗೆಳೆಯರನ್ನು ಬಿಡೋದು. ಒಂದೇ ಲಕ್ಷಣ ನೋಡಿ ತೀರ್ಮಾನ ಮಾಡಬೇಡಿ, ವಯಸ್ಸಿನ ಸಿಡುಕೂ ಹೀಗೇ ಇರುತ್ತೆ. ನಾಲ್ಕೈದು ಒಟ್ಟಿಗೆ ಬಂದು ವಾರಗಟ್ಟಲೆ ಉಳಿದರೆ ಕೂತು ಮಾತಾಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಹುಡುಗರಲ್ಲಿ ಬಹುಪಾಲು ಚಿಕಿತ್ಸೆ ಮಾತಿನದು: ಆಪ್ತಸಮಾಲೋಚನೆ, ತಂದೆತಾಯಿಯನ್ನೂ ಕೂರಿಸಿಕೊಂಡು ಮಾತು, ಒಳಗೆ ಖಿನ್ನತೆ ಇದ್ದರೆ ಅದಕ್ಕೆ ಔಷಧಿ. ಮೂಸುವ ಚಟಕ್ಕೆ ಅಂತಲೇ ಮಾತ್ರೆ ಇಲ್ಲ. ಬಿಟ್ಟವನು ಮತ್ತೆ ಶುರು ಮಾಡೋದು ಸಾಮಾನ್ಯ. ಆಗ ಪುನಃ ಕರ್ಕೊಂಡು ಹೋಗಬೇಕು.

ದಾಖಲು ಮಾಡೋ ಪರಿಸ್ಥಿತಿ ಬಂದರೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಎರಡು ಮಾತು ಹೇಳುತ್ತೆ. ಹದಿನೆಂಟು ತುಂಬದವರನ್ನು ದೊಡ್ಡವರ ಜೊತೆ ಇಡುವಂತಿಲ್ಲ. ಮತ್ತೆ, ಅಷ್ಟೂ ದಿನ ಮನೆಯವರೊಬ್ಬರು ಜೊತೆಗಿರಬೇಕು. ನಿಯಮ ಸರಿಯಾದದ್ದೇ. ಆದರೆ ಹೊಸದುರ್ಗದ ಹಳ್ಳಿಯಿಂದ ಬಂದ ಕೂಲಿ ತಾಯಿಗೆ ಅದು ಅಷ್ಟೂ ದಿನದ ಕೂಲಿ ಹೋದಂತೆ. ಆ ದುಡ್ಡಿನ ಬಗ್ಗೆ ಕಾಯ್ದೆ ಮಾತಾಡಲ್ಲ. ಅದಕ್ಕೇ ದಾಖಲಾಗುವ ಮೊದಲಿನ ಹಂತದಲ್ಲೇ ಹಿಡಿಯೋದು ಮುಖ್ಯ.

ಫೋನ್ ಹತ್ತಿರ ಇದ್ದರೆ ಎರಡು ನಂಬರ್ ಬರ್ಕೊಳ್ಳಿ. ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೆ ಅಂತಲೇ ಇರೋ ರಾಷ್ಟ್ರೀಯ ಸಹಾಯವಾಣಿ 14446. ಎರಡಕ್ಕೂ ದುಡ್ಡಿಲ್ಲ.